ನಾಲ್ಕು ಮೂಲೆ

ಹಲ್ ನಗರದ ಆಸ್ಪತ್ರೆಯ ಲಾಂಡ್ರಿಯಲ್ಲಿ
ಬುಧವಾರ ಇಸ್ತ್ರಿ ಉರುಳೆ ನಿಲ್ಲಿಸಿದರು.
ಎಲ್ಲರೂ ಬರಲೇಬೇಕು, ಸಹಿ ಹಾಕಲೇಬೇಕು,
ಬಾರದವರಿಗೆ ಎರಡು ತಾಸಿನ ಕೂಲಿ ಕಟ್.
ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಸರಿಸಿ
ನೆಲದ ಮೇಲೆ ನೀಲಿ ಟೇಪಿನ ಒಂದು ಗೆರೆ.

ಕಲಿಸಲು ಬಂದವಳು ಫಿಲಿಪ್ಪಾ. ಒಳ್ಳೆಯ ಹೆಂಗಸು.
ರೈಲು ತಡವಾಗಿ ಓಡೋಡಿ ಬಂದಿದ್ದಳು,
ಬಿಸ್ಕತ್ತು ತಂದಿದ್ದಳು, ಹಲಾಲ್ ಹೌದೋ ಅಲ್ಲವೋ
ಪೊಟ್ಟಣದ ಬೆನ್ನು ತಿರುಗಿಸಿ ತಾನೇ ಓದಿ ನೋಡಿದಳು.
"ಇಲ್ಲಿ ಸರಿ ತಪ್ಪು ಇಲ್ಲ," ಎಂದಳು. "ಕೇಳಿದ್ದಕ್ಕೆ
ಹೌದಾದರೆ ಒಂದು ಹೆಜ್ಜೆ ಮುಂದೆ, ಇಲ್ಲವಾದರೆ ಹಿಂದೆ."

ಚಿಕ್ಕಂದಿನಲ್ಲಿ ಮನೆಯಲ್ಲಿ ಐವತ್ತು ಪುಸ್ತಕ ಇದ್ದವೇ?
ಟ್ರೆವರ್ ತನ್ನ ಮಂಡಿನೋವನ್ನೂ ಕರೆದುಕೊಂಡು ಹಿಂದೆ ಬಂದ.
"ಒಂದಿತ್ತು," ಅಂದ, "ಟೆಲಿಫೋನ್ ಪುಸ್ತಕ. ಫೋನ್ ಇರಲಿಲ್ಲ."
ನಿಮ್ಮ ಹೆಸರು ಜನರ ಬಾಯಿಗೆ ಸಲೀಸೇ?
ಡಾನೂಟಾ ಹಿಂದೆ. ಹೋಡನ್ ಹಿಂದೆ. ನಾನು ಹಿಂದೆ.
ಅಂಗಡಿಯಲ್ಲಿ ಕಾವಲಿನವನು ಬೆನ್ನು ಹತ್ತದೆ ಬಿಡುತ್ತಾನೆಯೇ?
ಹೋಡನ್ ನಕ್ಕೇಬಿಟ್ಟಳು, ಎರಡು ಹೆಜ್ಜೆ ಹೋದಳು,
ಒಂದು ತನಗೆ, ಒಂದು ತಮ್ಮನಿಗೆ ಅಂತ.
ಸರಿಯುತ್ತ ಸರಿಯುತ್ತ ನನ್ನ ಬೆನ್ನಿಗೆ ಫ್ರಿಜ್ಜು ತಗುಲಿತು.
ಪಕ್ಕದಲ್ಲಿ ಯಾರೋ ಏದುಸಿರು ಬಿಡುತ್ತಿದ್ದರು.
ನೋಡಿದರೆ ಪ್ರಹ್ಲಾದರಾಯರು.

ರಾಯಚೂರಿನವರು. ಬ್ಯಾಂಕಿನಲ್ಲಿದ್ದವರು. ಹೆಂಡತಿ ಇಲ್ಲಿ ನರ್ಸು,
ಆಕೆಯ ವೀಸಾದ ಬಾಲ ಹಿಡಿದು ಬಂದವರು.
ನಾನು ಸೇರಿದ ದಿನ, ಕನ್ನಡ ಕೇಳಿ ಕಣ್ಣರಳಿಸಿ,
ಎರಡನೆಯ ಮಾತಿಗೇ "ನಿಮ್ಮದು ಯಾವ ಪೈಕಿ?" ಅಂದರು.
"ಒಗೆಯೋರು," ಅಂದೆ.
"ಓ," ಅಂದರು. ಆ ಓ ಎಷ್ಟು ದುಂಡಗಿತ್ತೆಂದರೆ
ಬಗ್ಗಿ ಇಣುಕಿದರೆ ಊರ ಬಾವಿ ಕಾಣುತ್ತಿತ್ತು.
ಈಗ ಕೆಂಪು ಚೀಲದ ರಕ್ತದ ಚಾದರ
ಸರದಿಯಂತೆ ರಾಯರ ಪಾಲಿಗೂ ಬರುತ್ತದೆ.

ಫಿಲಿಪ್ಪಾಳ ಪಟ್ಟಿಯಲ್ಲಿ ಮೂವತ್ತೆರಡು ಪ್ರಶ್ನೆ.
ನಿಮ್ಮವ್ವ ಒಗೆದು ತಂದ ಸೀರೆಯನ್ನು ಯಾರಾದರೂ
ಇನ್ನೊಮ್ಮೆ ನೀರಿಗದ್ದಿ, ಆಗ ಮಡಿಯಾಯಿತೆಂದು ಉಟ್ಟದ್ದುಂಟೇ?
ಇದು ಇರಲಿಲ್ಲ. ಹೇಗಿದ್ದೀತು?
ಆ ಕೋಣೆಯಲ್ಲಿ ಅದು ಗೊತ್ತಿದ್ದವರು ಇಬ್ಬರೇ,
ಇಬ್ಬರೂ ಒಂದೇ ಫ್ರಿಜ್ಜಿಗೆ ಒರಗಿ ನಿಂತಿದ್ದೆವು.
"ನೋಡಿ," ಎಂದಳು ಫಿಲಿಪ್ಪಾ, ಗಂಟಲು ಕಟ್ಟಿ,
"ಇವರಿಬ್ಬರು ಎಲ್ಲಿ ನಿಂತಿದ್ದಾರೆ, ಎಲ್ಲರೂ ನೋಡಿ."

ಅವಳದು ಸುಳ್ಳಲ್ಲ. ರಾಯರ ಕಣ್ಣೂ ಒದ್ದೆಯಾಗಿತ್ತು.
ಹೋದ ತಿಂಗಳು ಬಸ್ಸಿನಲ್ಲಿ ಅವರ ಮೇಲೆ ಉಗುಳಿದ ಹುಡುಗರು
ಯಾವ ಪೈಕಿ ಅಂತ ಕೇಳಿರಲಿಲ್ಲ.
ಆ ಕೋಟನ್ನು ಮೂರನೇ ನಂಬರಿನ ಮಶೀನಿಗೆ ಹಾಕಿ
ಒಗೆದುಕೊಟ್ಟವಳು ನಾನು.

ಕೇಳುವುದಿದ್ದರೆ ಕೇಳಿ, ಅಂದಳು. ಕೈ ಎತ್ತಲು ಹೋದೆ.
ಎಲ್ಲಿಂದ ಶುರು ಮಾಡಲಿ, ಬಾವಿಯಿಂದಲೋ, ಹಗ್ಗದಿಂದಲೋ?
ಟ್ರೆವರ್ ಗಡಿಯಾರ ನೋಡಿದ. ಬಿಸ್ಕತ್ತು ಮುಗಿದಿತ್ತು.

ಮಧ್ಯಾಹ್ನ ಮಡಿಸುವ ಯಂತ್ರ ಕೆಟ್ಟಿತು.
ಕೈಯಲ್ಲೇ ಮಡಿಸಿ ಅಂದರು. ಒಂದು ಚಾದರಕ್ಕೆ ಇಬ್ಬರು,
ನಾಲ್ಕು ಮೂಲೆ, ಎರಡು ರಾಯರ ಕೈಗೆ, ಎರಡು ನನಗೆ.
ಝಾಡಿಸು, ಬಿಗಿ ಹಿಡಿ, ಮುಂದೆ ಒಂದು ಹೆಜ್ಜೆ,
ಇನ್ನೊಂದು. ಇಲ್ಲಿ ಯಾರೂ ಪ್ರಶ್ನೆ ಓದುವುದಿಲ್ಲ.
ಜೇಬಿನಲ್ಲಿ ಇಬ್ಬರ ಫೋನೂ ಒಟ್ಟಿಗೆ ಗುಣುಗಿದವು:
ತೇರ್ಗಡೆ ಪತ್ರ, ಎರಡು ವರ್ಷ ಚಾಲ್ತಿ.
ಬಟ್ಟೆ ಅರ್ಧವಾಗುತ್ತ, ಕಾಲಾಗುತ್ತ,
ರಾಯರ ಮುಖ ಹತ್ತಿರ ಬರುತ್ತ ಬರುತ್ತ
ಮೂಲೆಗೆ ಮೂಲೆ ಕೂಡುವ ಹೊತ್ತಿಗೆ
ಅವರ ಬೆರಳು, ಅರ್ಧ ಅಂಗುಲ ಮುಂಚೆ,
ಬಿಟ್ಟುಬಿಡುತ್ತದೆ.

ಅವರಿಗೆ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ.
ಬಿದ್ದ ಮೂಲೆಗೆ ಸಾರಿ ಅನ್ನುತ್ತಾರೆ, ತಾವೇ ಬಗ್ಗಿ ಎತ್ತುತ್ತಾರೆ.
ನಾನು ಎಣಿಸುತ್ತಿದ್ದೆ, ಕೆಟ್ಟ ಚಾಳಿ.
ಹದಿನೇಳನೆಯದಕ್ಕೆ, ದಣಿದಿದ್ದರೋ ಏನೋ, ಮರೆತರು.
ಅವರ ಉಗುರ ಸಂದಿಯಲ್ಲೂ ಸೋಡಾದ ಬಿರುಕು,
ನಮ್ಮವ್ವನದರ ಹಾಗೇ ಒರಟು.

ಹದಿನೆಂಟನೆಯದಕ್ಕೆ ಬೆರಳಿಗೆ ಮತ್ತೆ ನೆನಪಾಯಿತು.