ಶುರು ಮಾಡಿದವರು

ಸೊಹಾರಿನ ನಮ್ಮ ಹಡಗುಕಟ್ಟೆಯಲ್ಲಿ
ಶಾಖ ನಲವತ್ತಾರು ದಾಟಿದರೆ ಕೆಲಸ ನಿಲ್ಲಬೇಕು.
ನಿಲ್ಲಬೇಕಾದರೆ ಒಂದು ಅರ್ಜಿ ಹೊರಡಬೇಕು,
ಸುರಕ್ಷತೆಯ ಮೇಜಿಂದ ಎಂಜಿನಿಯರನ ಮೇಜಿಗೆ,
ಅಲ್ಲಿಂದ ಸೈರನ್ನಿಗೆ.
ಚೌಕಗಳು, ಬಾಣಗಳು, ಎಲ್ಲ ನಾನೇ ಬಿಡಿಸಿದ್ದು.
ಮೊದಲ ಚೌಕದ ಎಡಕ್ಕೆ ಮಾತ್ರ
ಯಾರಾದರೂ ಗುಂಡಿ ಒತ್ತಬೇಕು.

ಆ ಎಡಕ್ಕೂ ಎಡದಲ್ಲಿ ಇದಿನಬ್ಬ ಇದ್ದರು.
ಡ್ರೈಡಾಕಿನ ಕಂಬದ ಮಾಪಕ ನೋಡಿ,
ಅರವತ್ತೆರಡು ಕಬ್ಬಿಣದ ಮೆಟ್ಟಿಲು
ಸುಡುವ ಕಂಬಿ ಹಿಡಿಯದೆ ಹತ್ತಿ,
ನನ್ನ ಗಾಜಿನ ಬಾಗಿಲಿಗೆ ಬೆರಳ ಗಂಟಿನಿಂದ ಎರಡು ಸಲ.
"ಮೇಡಂ, ನಲವತ್ತೇಳು."
ಅಷ್ಟೇ. ನೀರೂ ಕೇಳುತ್ತಿರಲಿಲ್ಲ.
ನಾನು ಒತ್ತುತ್ತಿದ್ದೆ.

ಒಂದು ಸಂಜೆ ಚಹಾಕ್ಕೆ ಇಳಿದಿದ್ದೆ.
ಇಪ್ಪತ್ತು ನಿಮಿಷ ಅವರು ಬಾಗಿಲಲ್ಲೇ ನಿಂತಿದ್ದರಂತೆ.
ಕೆಳಗೆ ಬೆಸುಗೆಯ ಕಿಡಿ ಹಾರುತ್ತಲೇ ಇತ್ತು.
ಬಿದ್ದ ಹುಡುಗ ಬದುಕಿಕೊಂಡ.
ಚಹಾದ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ.

ಇದಿನಬ್ಬ ವೀಸಾ ಮುಗಿಸಿ ಹೊರಟ ವಾರ ಆದೇಶ ಬಂತು:
ಗುಂಡಿ ಬೇಡ, ಸರ್ವರೇ ಶುರು ಮಾಡಲಿ.
ಜಾವಾದಲ್ಲಿ ಹನ್ನೊಂದು ಸಾಲು.
ಮಾಪಕ ಓದು, ಹೋಲಿಸು, ಹೊರಡಿಸು.
ಓಡಿಸಿದೆ.
ಶುರು ಮಾಡಿದವರು ಯಾರು? ಅಂತ ಕೇಳಿ
ಕೆಂಪು ಅಕ್ಷರಗಳಲ್ಲಿ ಕುಸಿದು ಕೂತಿತು.

ಗುಂಡಿ ಇದ್ದಾಗ ಈ ಪ್ರಶ್ನೆಯೇ ಇರಲಿಲ್ಲ,
ಲಾಗಿನ್ ಆದವರದೇ ಹೆಸರು.
ಸರ್ವರಿನ ಕೋಣೆಯಲ್ಲಿ ಲಾಗಿನ್ ಆದವರಿಲ್ಲ.
ಫ್ಯಾನುಗಳ ಹುಯ್ಲು, ಹಸಿರು ದೀಪ,
ಹೆಸರಿನ ಜಾಗದಲ್ಲಿ ನಲ್.

"ಅಡ್ಮಿನ್ ಅಂತ ಹಾಕು," ಪಕ್ಕದ ಮೇಜಿನ ತಾಮೆರ್,
"ಎಲ್ಲರೂ ಅದನ್ನೇ ಹಾಕೋದು."
ಹಾಕಿದೆ. ಓಡಿತು. ಸೈರನ್ ಕೂಗಿತು.
ಕಿಟಕಿಯಲ್ಲಿ ಹೆಲ್ಮೆಟ್ಟುಗಳು ಒಂದೊಂದಾಗಿ ನೆರಳಿಗೆ ಸರಿದವು.
ನೋಡಿದೆ. ಬಂದು ಕೂತೆ.
ಆ ಐದಕ್ಷರ ಅಳಿಸಿ
ಹೊಸ ಬಳಕೆದಾರನನ್ನು ಸೃಷ್ಟಿಸಿದೆ.
ಗುಪ್ತಪದ ಅರವತ್ತೆರಡರಿಂದ ಶುರು.

ಈಗ ದಾಖಲೆಯಲ್ಲಿ, ಬೇಸಿಗೆಯುದ್ದಕ್ಕೂ:
ಹನ್ನೊಂದು ಐವತ್ತು, ನಲವತ್ತೇಳು, ಶುರು ಮಾಡಿದವರು ಇದಿನಬ್ಬ.
ಮೂರು ಐವತ್ತೆರಡು, ನಲವತ್ತೆಂಟು, ಇದಿನಬ್ಬ.
ಈದ್ ರಜೆಯಲ್ಲೂ.

ಮಸ್ಕತ್ತಿನಿಂದ ಬಂದ ಆಡಿಟರ್ ಕನ್ನಡಕ ಏರಿಸಿದರು.
ಯಾರಿದು? ನೌಕರರ ಪಟ್ಟಿಯಲ್ಲಿಲ್ಲ, ಸಂಬಳವಿಲ್ಲ,
ದಿನಕ್ಕೆರಡು ಸಲ ಕಂಪನಿ ನಿಲ್ಲಿಸುತ್ತಾನಲ್ಲ?
ವಾರಸುದಾರರಿಲ್ಲದ ಖಾತೆ, ಅಳಿಸಿಬಿಡಿ.

ಅಳಿಸಿದರೆ ಸೈರನ್ ಕೂಗೋದಿಲ್ಲ ಸರ್, ಅಂದೆ.

ಅದು ನಿಜವೂ ಹೌದು.