ಅಗುಳಿ

ಮೂರು ವಾರಕ್ಕೊಮ್ಮೆ, ಗುರುವಾರ, ಕಾಲ್ಯಾರಿಯ ಆಸ್ಪತ್ರೆಯಲ್ಲಿ
ಕಿಟಕಿ ಪಕ್ಕದ ಕುರ್ಚಿಗೊರಗಿ ಅಕ್ಕ ಎಫೀಸಿಯಾ
ಯಾರದೋ ರಕ್ತ ಏರಿಸಿಕೊಳ್ಳುತ್ತಾಳೆ.
ನಾನು ಎದುರಿಗೆ ಕೂತು ಕಿತ್ತಳೆ ಸುಲಿಯುತ್ತೇನೆ.

ಒಂದೇ ಅಪ್ಪ, ಒಂದೇ ಅಮ್ಮ,
ಇಬ್ಬರ ಜೀನಿನಲ್ಲೂ ಅವೇ ಎರಡು ಬಿರುಕು.
ಜವುಗಿನ ಸೊಳ್ಳೆಗಳ ಕಾಲಕ್ಕೆ ಒಂದು ಬಿರುಕಿದ್ದವರು
ಜ್ವರಕ್ಕೆ ಸಾಯದೆ ಉಳಿದರಂತೆ.
ಎರಡು ಕೂಡಿದ ಕಡೆ ಆ ಸಾಲದ ವಸೂಲಿ.

ಹಾಗಾದರೆ ನಾನೇಕೆ ಸೂಜಿಯ ಈ ಕಡೆ?

ಡಾಕ್ಟರ್ ಪಿಂತುಸ್ ಔಷಧಿ ಚೀಟಿಯ ಬೆನ್ನಿಗೆ ಗೀಚಿ ತೋರಿಸಿದಳು:
ಇದೊಂದು ಪ್ರೊಟೀನು. ಸರಪಣಿ ಅಲ್ಲಲ್ಲಿ ಮಡಿಸಿಕೊಂಡು
ಬೆರಳಾಗಿದೆ. ಒಂದೊಂದು ಬೆರಳೊಳಗೂ
ಸತುವಿನ ಒಂದೇ ಒಂದು ಪರಮಾಣು.
ಎರಡು ಸಿಸ್ಟೀನು, ಎರಡು ಹಿಸ್ಟಿಡೀನು
ನಾಲ್ಕೂ ಕಡೆಯಿಂದ ಹಿಡಿದು ಕೂತಿವೆ.
ಸತು ಜಾರಿದರೆ ಬೆರಳಿಲ್ಲ,
ಜೋಲುವ ದಾರ.

ಕತ್ತಲಲ್ಲಿ ಮಣಿಸರ ಎಣಿಸುವವರ ಹಾಗೆ
ಆ ಬೆರಳು ಡಿಎನ್‌ಎ ಹುರಿಯನ್ನು ತಡಕುತ್ತದೆ,
ಬೆರಳಿಗೆ ಮೂರೋ ನಾಲ್ಕೋ ಅಕ್ಷರ,
ತನ್ನ ಪದ ಸಿಗುವವರೆಗೆ.
ಸಿಕ್ಕಿತೋ, ಅಲ್ಲೇ ಊರುತ್ತದೆ.
ಬಸಿರಲ್ಲಿದ್ದಾಗ ನಮ್ಮನ್ನು ಸಾಕಿದ ರಕ್ತವಿದೆಯಲ್ಲ,
ಅದರ ಜೀನಿಗೆ ಅಗುಳಿ ಬಿತ್ತು.
ಹುಟ್ಟಿದ ಕೆಲವು ತಿಂಗಳಿಗೆ ಎಲ್ಲರಲ್ಲೂ ಹೀಗೇ.

‘ನಿನ್ನ ರಕ್ತದಲ್ಲಿ ಆ ಪ್ರೊಟೀನು ಕಮ್ಮಿ ಕಣೇ,
ಎಲ್ಲೋ ಒಂದಕ್ಷರ ಬೇರೆ ಬಿದ್ದಿದೆ.’

ಹಾಗಾಗಿ ಸಂದಿಯಿಂದ ಸೋರುತ್ತಿದೆ ನನ್ನೊಳಗೆ
ಹುಟ್ಟದ ಕೂಸಿನ ರಕ್ತ,
ನಲವತ್ತೊಂದು ತುಂಬಿದರೂ.
ಅಕ್ಕನದು ಕೆಲಸ ಬಲ್ಲ ಬೆರಳು. ತಪ್ಪಲಿಲ್ಲ.

ತಾತ ಬಾಕೀಸಿಯೊ ಮಸುವಾದಲ್ಲಿ,
ಸಮುದ್ರಕ್ಕೆ ಬಾಯಿ ತೆರೆದ ಬಂಡೆಯೊಳಗೆ
ಮೂವತ್ತು ವರ್ಷ ಸತುವಿನ ಅದಿರು ಅಗೆದ.
ಎಡಗೈಯಲ್ಲಿ ಮೂರೇ ಬೆರಳು ಉಳಿದಿದ್ದವು.
ಟನ್ನುಗಟ್ಟಲೆ ಹಡಗು ಹತ್ತಿತು;
ಮನೆಗೆ ಬಂದದ್ದು ಸತು ಬಳಿದ ಒಂದು ಬಕೀಟು.
ಇಷ್ಟೇ ಇಷ್ಟು ಸತು ಸಾಕು ತಾತ,
ಬಾಗಿಲು ಹಾಕುವುದಕ್ಕೆ,
ಎಂದು ಅವನಿಗೆ ಯಾರು ಹೇಳಬೇಕಿತ್ತು.

ಈಗ ಆ ಪ್ರೊಟೀನಿನ ಬಾಯನ್ನೇ
ರಕ್ತದಲ್ಲಿ ಮಾತ್ರ ಕಟ್ಟುವ ಚಿಕಿತ್ಸೆ ಬಂದಿದೆಯಂತೆ.
ಅಕ್ಕನ ಹೆಸರು ಪಟ್ಟಿಯಲ್ಲಿದೆ.
ಹೇಳಿದೆ. ಚೀಲದ ಕೊನೆಯ ಹನಿ ಇಳಿಯುವುದನ್ನೇ ನೋಡುತ್ತಿದ್ದಳು.

‘ಪಾಪ, ಅದು ತನ್ನ ಕೆಲಸ ಮಾಡಿತು,’ ಅಂದಳು.
ಆಮೇಲೆ ಕೈ ಚಾಚಿ,
‘ಬೀಜ ತೆಗೆದು ಕೊಡೇ.’