ತಂಬಾಕಿನ ಡಬ್ಬಿ

ಮಂಡಿಪೇಟೆಯ ಹಿಂದಿನ ಓಣಿ. ಹಯಾತ್ ಸಾಬರ ಮೈಕ್‌ಸೆಟ್ ಅಂಗಡಿ.
ಪಾಲಿಟೆಕ್ನಿಕ್ಕಿನ ಹರಾಜಿನಲ್ಲಿ ಹಿಡಿದ ಆಸಿಲೋಸ್ಕೋಪು,
ಅದರ ಹಸಿರು ಪರದೆಯ ಮೇಲೆ
ನನ್ನ ಗಿಟಾರಿನ ಒಂದೇ ಒಂದು ತಂತಿ
ಗುಡ್ಡ, ತಗ್ಗು, ಗುಡ್ಡ, ತಗ್ಗು,
ನುಣ್ಣಗೆ ಹೋಗುತ್ತಿತ್ತು.

"ಈಗ ನೋಡವ್ವ" ಅಂತ ತಿರುಗುಣಿ ತಿರುವಿದರು.
ಗುಡ್ಡ ಬೆಳೆದೂ ಬೆಳೆದೂ
ನೆತ್ತಿ ಎಲ್ಲಿಗೋ ತಾಗಿ ಮೆಲ್ಲಗೆ ಬಾಗಿತು.
"ಓವರ್‌ಡ್ರೈವು. ಉದ್ದದ ಮನುಷ್ಯ, ಗಿಡ್ಡ ಬಾಗಿಲು.
ಬಗ್ಗಿ ಒಳಗ ಬಂದ, ಮರ್ಯಾದಸ್ಥ."
ಇನ್ನೂ ತಿರುವಿದರು.
ಈ ಸಲ ಬಗ್ಗಲಿಲ್ಲ, ರುಮಾಲಿನ ಸಮೇತ ತಲೆ ಹಾರಿತು,
ಗುಡ್ಡದ ಮೇಲೆ ಚಪ್ಪಟೆ ಕಟ್ಟೆ.
"ಇದು ಡಿಸ್ಟಾರ್ಶನ್ನು."

ಕಡಿದ ತಲೆ ಎಲ್ಲಿ ಹೋಯಿತು ಸಾಬ್ರೇ?

"ಎಲ್ಲೀಗೂ ಹೋಗಲ್ಲ. ಕಟ್ಟೆಯ ಮೂಲೆಮೂಲೆಗೆ
ಹೊಸ ಸ್ವರ ಆಗಿ ಹುಟ್ಟತೈತಿ. ಕಿವಿಗೊಡು."
ಕೊಟ್ಟೆ. ಒಂದು ತಂತಿಯೊಳಗೆ ಓಣಿಗಾಗುವಷ್ಟು ಜನ.

ಫಝ್ ಅಂದರೆ ಏನು ಅಂದಿದ್ದಕ್ಕೆ ಮಾತಾಡಲಿಲ್ಲ.
ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು
ಹಳೇ ರೇಡಿಯೋದಿಂದ ಎರಡು ಜರ್ಮೇನಿಯಂ ಟ್ರಾನ್ಸಿಸ್ಟರ್ ಕಿತ್ತು
ನಾನು ಮನೆಯಿಂದ ಕದ್ದು ತಂದ
ಹಾಲಮ್ಮಜ್ಜಿಯ ತಂಬಾಕಿನ ಡಬ್ಬಿಯಲ್ಲಿ ಕೂರಿಸಿ
ಬೆಸುಗೆ ಹಾಕಿದರು.
ಸೀಸದ ಹೊಗೆ. ಅದರಡಿ ಹೊಗೆಸೊಪ್ಪಿನ ಘಾಟು.

ತಂತಿ ಮುಟ್ಟಿದೆ.
ಗುಡ್ಡವೂ ಇಲ್ಲ, ಕಟ್ಟೆಯೂ ಇಲ್ಲ, ನೆಟ್ಟಗೆ ಗೋಡೆ.
ಭಟ್ಟಿಯ ಕಾದ ಮರಳಿಗೆ ಬಿದ್ದ ಅಕ್ಕಿಯಂತೆ
ಸ್ವರ ಮೈಯೆಲ್ಲ ಸಿಡಿಯಿತು.

ಅಜ್ಜಿ ಕಾಟನ್ ಮಿಲ್ಲಿನ ರೀಲಿಂಗ್ ಖಾತೆಯಲ್ಲಿ ಇಪ್ಪತ್ತಾರು ವರ್ಷ.
ಯಂತ್ರದ ಮೇಲಿಂದ ಕೂಗಿ ಕೂಗಿ ಬೆಳೆದ ಗಂಟಲು;
ಮಿಲ್ಲು ನಿಂತಿತು, ಗಂಟಲು ನಿಲ್ಲಲಿಲ್ಲ.
"ಉಪ್ಪು ಕೊಡೇ" ಅಂದರೆ ಪಕ್ಕದ ಮನೆಯವರು ಇಣುಕುತ್ತಿದ್ದರು.
ಗೆಳತಿಯರನ್ನು ನಾನು ಮನೆಗೆ ಕರೆದದ್ದೇ ಇಲ್ಲ.

ಏಪ್ರಿಲ್ಲಿನ ಮೂರು ಗಂಟೆಗೆ ಡಬ್ಬಿ ಮುನಿಯುತ್ತದೆ,
ಜರ್ಮೇನಿಯಮ್ಮಿಗೆ ದಾವಣಗೆರೆ ಬಿಸಿಲು ಆಗದು.
ಒದ್ದೆ ಬಟ್ಟೆ ಸುತ್ತಿ ಕಾಯುತ್ತೇನೆ.
ಗಿಟಾರಿನ ವಾಲ್ಯೂಮ್ ತುಸು ಇಳಿಸಿದರೆ ಸಾಕು,
ಅಷ್ಟೊಂದು ಗರಗರ ಹಿಂದೆ ಸರಿದು
ತಂತಿ ತಂತಿಯ ಹಾಗೇ ಕೇಳುತ್ತದೆ,
ಯಾರೂ ಏನೂ ಮಾಡಿಲ್ಲವೆಂಬಂತೆ.

ಇದು ಗೊತ್ತಾದ ರಾತ್ರಿ
ಅಜ್ಜಿ ನನಗೆ ನಿದ್ದೆ ಬಂದಿದೆಯೆಂದುಕೊಂಡು
ದೀಪ ಆರಿಸುತ್ತಾ ಏನೋ ಅಂದಳು, ಪಿಸುದನಿಯಲ್ಲಿ.
ಎಷ್ಟು ತೆಳ್ಳಗಿತ್ತು ಆ ದನಿ.

ಬೆಳಿಗ್ಗೆ ಎಂದಿನಂತೆ ಓಣಿಗೆಲ್ಲ ಕೇಳುವಂತೆ:
"ಏ ಕಳ್ಳಿ, ನನ್ನ ಡಬ್ಬಿ ತಂದು ಕೊಡ್ತೀಯೋ ಇಲ್ಲೋ?
ಕಾಗದದಾಗ ಇಟ್ಟ ತಂಬಾಕು ಒಣಗಿ ಹೊಂಟೈತಿ!"